ಕಾರಿಗೆ ನೆರಳು, ಹುಡುಗರಿಗೆ ಬಿಸಿಲು

ನಮ್ಮ ವಿಶ್ವವಿದ್ಯಾಲಯಗಳಲ್ಲಿ ಮೇಲು-ಕೀಳು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕಾದರೆ ಸಮಾಜಶಾಸ್ತ್ರ ವಿಭಾಗದ ಒಳಗೆ ಹೋಗಬೇಕಾಗಿಲ್ಲ. ಆ ವಿಭಾಗದ ಮುಂದಿರುವ ಪಾರ್ಕಿಂಗ್ ಜಾಗ ನೋಡಿದರೆ ಸಾಕು.

ಮೆಟ್ಟಿಲಿಗೆ ಅಂಟಿಕೊಂಡ ಹಾಗೆ ಮೊದಲ ಜಾಗ ಕುಲಪತಿಗಳದ್ದು. ಅದರ ಪಕ್ಕ ಕುಲಸಚಿವರು, ಅದರಾಚೆ ಹಣಕಾಸು ಅಧಿಕಾರಿ. ಹುದ್ದೆಗಳ ಹೆಸರನ್ನು ಗೋಡೆಯ ಮೇಲೆ ಬಣ್ಣದಲ್ಲಿ ಬರೆಸಿರುತ್ತಾರೆ. ಆಮೇಲೆ ಶೀಟು ಹೊದಿಸಿದ ಶೆಡ್ಡು, ಅದು ಪ್ರಾಧ್ಯಾಪಕರಿಗೆ. ಮರದ ನೆರಳು ಬೇಗ ಬಂದ ಆಫೀಸು ಸಿಬ್ಬಂದಿಗೆ. ಅತಿಥಿ ಉಪನ್ಯಾಸಕರ ಪಾಡು ಇನ್ನೂ ತಮಾಷೆ. ಹೆಸರಿಗೇನೋ ಅತಿಥಿ, ಆದರೆ "ಅತಿಥಿಗಳಿಗಾಗಿ" ಅಂತ ಬೋರ್ಡು ಹಾಕಿದ ಜಾಗದಲ್ಲಿ ಅವರ ಸ್ಕೂಟರ್ ನಿಲ್ಲಿಸುವ ಹಾಗಿಲ್ಲ, ಅದು ಸಮಾರಂಭಕ್ಕೆ ಬರುವ ದೊಡ್ಡವರಿಗೆ! ವಿದ್ಯಾರ್ಥಿಗಳಿಗೆ ಗೇಟಿನ ಹತ್ತಿರ ಒಂದು ಬಯಲು. ಬೇಸಿಗೆಯಲ್ಲಿ ಸೀಟು ಸುಡುತ್ತದೆ, ಮಳೆಗಾಲದಲ್ಲಿ ಸ್ಟ್ಯಾಂಡು ಕೆಸರಲ್ಲಿ ಹೂತು ಬೈಕು ಮಗುಚುತ್ತದೆ.

ಸರಿ, ಬಸ್ಸಿಳಿದು ನಡೆದು ಬರುವವರಿಗೆ ಏನಿದೆ? ಅವರಿಗೆ ಬೋರ್ಡೂ ಇಲ್ಲ, ಜಾಗವೂ ಇಲ್ಲ. ಫುಟ್‌ಪಾತ್ ಅಂತ ಇದ್ದ ಕಡೆ ಅದರ ಮೇಲೂ ಒಂದು ಕಾರು ಹತ್ತಿ ಕೂತಿರುತ್ತದೆ.

ಎಲ್ಲ ಕ್ಯಾಂಪಸ್ಸೂ ಅಕ್ಷರಶಃ ಹೀಗೇ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ "ಅರೆ, ಇದು ನಮ್ಮ ಕಾಲೇಜೇ" ಅಂದುಕೊಂಡಿರಿ, ನೀವೇ ಹೇಳಿ.

ಸುತ್ತೋಲೆ ಬಂತು, ದಾರಿ ಬಿಡಿ

ಗಲಾಟೆ ಜಾಸ್ತಿಯಾದಾಗ ಆಡಳಿತದವರು ಮಾಡುವುದು ಒಂದೇ ಕೆಲಸ. "ಈ ಮೂಲಕ ಎಲ್ಲಾ ವಿದ್ಯಾರ್ಥಿಗಳಿಗೆ ತಿಳಿಯಪಡಿಸುವುದೇನೆಂದರೆ..." ಅಂತ ಶುರುವಾಗುವ ಒಂದು ಸುತ್ತೋಲೆ. ಸ್ಟಿಕ್ಕರ್ ಇಲ್ಲದ ವಾಹನಕ್ಕೆ ಪ್ರವೇಶವಿಲ್ಲ. ನಿಗದಿತ ಸ್ಥಳ ಬಿಟ್ಟು ಬೇರೆಡೆ ನಿಲ್ಲಿಸಿದರೆ ದಂಡ. ವಾಹನಗಳಿಗೆ ಆಡಳಿತ ಜವಾಬ್ದಾರಿಯಲ್ಲ. ಇಂತಿ, ಸಹಿ, ಮೊಹರು.

ಸ್ಟಿಕ್ಕರ್ ಏನು ಹೇಳುತ್ತದೆ? ಈ ಗಾಡಿ ನಮ್ಮವರದು ಅಂತ ಅಷ್ಟೇ. ಜಾಗ ಎಷ್ಟಿದೆ, ಗಾಡಿ ಎಷ್ಟಿದೆ, ಯಾರಿಗೆ ನಿಜವಾಗಿ ಅಗತ್ಯ ಇದೆ ಅನ್ನುವ ಯಾವ ಪ್ರಶ್ನೆಗೂ ಅದರಲ್ಲಿ ಉತ್ತರವಿಲ್ಲ. ಇನ್ನೂರು ಕಾರಿನ ಜಾಗಕ್ಕೆ ಆರುನೂರು ಸ್ಟಿಕ್ಕರ್ ಹಂಚಿದರೆ ಅದು ವ್ಯವಸ್ಥೆ ಆಗುವುದಿಲ್ಲ, ಬೆಳಗಿನ ಓಟದ ಸ್ಪರ್ಧೆ ಆಗುತ್ತದೆ. ದಂಡವಾದರೂ ಎಲ್ಲರಿಗೂ ಬೀಳುತ್ತದಾ? ನಾನು ಓದಿದ ಕಾಲೇಜಿನಲ್ಲಿ (ಹೆಸರು ಬೇಡ ಬಿಡಿ) ನೋ ಪಾರ್ಕಿಂಗ್ ಬೋರ್ಡಿನ ಕೆಳಗೆ ಹುಡುಗರು ಗಾಡಿ ನಿಲ್ಲಿಸಿದರೆ ಸೆಕ್ಯೂರಿಟಿಯವರು ಟೈರಿನ ಗಾಳಿ ತೆಗೆಯುತ್ತಿದ್ದರು. ಪರೀಕ್ಷೆಯ ದಿನ ತಡವಾಯಿತು ಅಂತ ಅಲ್ಲಿ ನಿಲ್ಲಿಸಿದ ಗೆಳೆಯನೊಬ್ಬ ಸಂಜೆ ಪಂಕ್ಚರ್ ಅಂಗಡಿಯವರೆಗೆ ಬೈಕು ತಳ್ಳಿಕೊಂಡು ಹೋದ. ಅದೇ ಬೋರ್ಡಿನ ಕೆಳಗೆ ಒಂದು ಬಿಳಿ ಕಾರು ನಾನು ಅಲ್ಲಿದ್ದಷ್ಟು ವರ್ಷವೂ ನಿಂತೇ ಇತ್ತು. ಕೇಳಿದರೆ, "ಅದು ಸಾರ್ ಗಾಡಿ ಕಣಪ್ಪಾ" ಅಂದರು.

ಸೆಕ್ಯೂರಿಟಿಯವರನ್ನು ಬೈದು ಪ್ರಯೋಜನವಿಲ್ಲ. ಗುತ್ತಿಗೆ ಮೇಲೆ ಕೆಲಸಕ್ಕಿರುವವರು ಅವರು. ಮೇಷ್ಟ್ರ ಕಾರಿನ ಗಾಳಿ ತೆಗೆದರೆ ನಾಳೆ ಅವರ ಕೆಲಸದ ಗಾಳಿಯೇ ಹೋಗುತ್ತದೆ. ನಿಯಮ ಮಾಡಿದವರೇ ನಿಯಮದಿಂದ ಹೊರಗಿರುವಾಗ ಗೇಟಿನಲ್ಲಿ ನಿಂತವನು ಏನು ಮಾಡಿಯಾನು?

ಸ್ವಲ್ಪ ಲೆಕ್ಕ ಹಾಕೋಣ

ಈಗ ಭಾವನೆ ಬದಿಗಿಟ್ಟು ಅಂಕಿಗೆ ಬರೋಣ. ನಮ್ಮ ದೇಶದ ನಗರ ಯೋಜನೆಯ ಲೆಕ್ಕದಲ್ಲಿ ಬಯಲಿನಲ್ಲಿ ಒಂದು ಕಾರು ನಿಲ್ಲಿಸಲು 23 ಚದರ ಮೀಟರ್ ಬೇಕು. ಕಾರು ನಿಲ್ಲುವ ಜಾಗ ಮಾತ್ರ ಅಲ್ಲ, ಒಳಗೆ ಬರಲು, ತಿರುಗಿಸಲು ಬೇಕಾದ ಜಾಗವೂ ಸೇರಿ. ಕಟ್ಟಡದ ಕೆಳಗೆ ಕಂಬಗಳ ನಡುವೆ ನಿಲ್ಲಿಸಿದರೆ 28, ನೆಲಮಾಳಿಗೆಯಲ್ಲಿ 32.

ಇನ್ನೊಂದು ಕಡೆ, ಎಂಜಿನಿಯರಿಂಗ್ ಕಾಲೇಜಿನ ಒಂದು ತರಗತಿ ಕೋಣೆಗೆ ಎಐಸಿಟಿಇ ಇಟ್ಟ ಅಳತೆ 66 ಚದರ ಮೀಟರ್. ಅದರಲ್ಲಿ ಅರವತ್ತು ಹುಡುಗ-ಹುಡುಗಿಯರು ಕೂತು ಪಾಠ ಕೇಳುತ್ತಾರೆ.

ಅಂದರೆ ಮೂರು ಕಾರು ನಿಲ್ಲುವ ಜಾಗದಲ್ಲಿ ಒಂದು ತರಗತಿ! ಬಹಳಷ್ಟು ಕಾರುಗಳಲ್ಲಿ ಬರುವುದು ಒಬ್ಬೊಬ್ಬರೇ. ಹಾಗಾಗಿ ಮೂರು ಜನರ ಕಾರಿಗೆ ಕೊಟ್ಟಷ್ಟು ನೆಲವನ್ನು ನಾವು ಅರವತ್ತು ಜನರ ಓದಿಗೆ ಕೊಡುತ್ತಿದ್ದೇವೆ. ನೂರು ಕಾರು ಅಂದರೆ 2,300 ಚದರ ಮೀಟರ್, ನಮ್ಮ ಭಾಷೆಯಲ್ಲಿ ಸುಮಾರು 23 ಗುಂಟೆ. ಅರ್ಧ ಎಕರೆಗಿಂತ ಜಾಸ್ತಿ. ಊರಲ್ಲಿ 23 ಗುಂಟೆಗೆ ಅಣ್ಣ-ತಮ್ಮಂದಿರು ಕೋರ್ಟು ಮೆಟ್ಟಿಲು ಹತ್ತುತ್ತಾರೆ. ಕ್ಯಾಂಪಸ್ಸಿನಲ್ಲಿ ಅಷ್ಟು ನೆಲವನ್ನು ಬಿಟ್ಟಿ ಕೊಟ್ಟಿದ್ದೇವೆ, ಯಾರೂ ಚಕಾರ ಎತ್ತುವುದಿಲ್ಲ.

ಬಿಟ್ಟಿ ಅಂದೆನಲ್ಲ, ಅದು ಕಾರಿನವರಿಗೆ ಮಾತ್ರ ಬಿಟ್ಟಿ. ಆ ನೆಲ ಸಮ ಮಾಡಿದ್ದು, ಟಾರು ಹಾಕಿಸಿದ್ದು, ಶೆಡ್ಡು ಕಟ್ಟಿಸಿದ್ದು, ದೀಪ ಹಾಕಿ ಕಾವಲಿಗೆ ಜನ ಇಟ್ಟದ್ದು ಯಾವ ದುಡ್ಡಿನಲ್ಲಿ? ಸರ್ಕಾರದ ಅನುದಾನ, ವಿದ್ಯಾರ್ಥಿಗಳ ಶುಲ್ಕ, ಪರೀಕ್ಷಾ ಶುಲ್ಕ ಇದರಲ್ಲೇ ತಾನೆ? ನಡೆದು ಬರುವ ಹುಡುಗಿ ಕಟ್ಟಿದ ಫೀಸಿನಲ್ಲಿ ಕಾರಿನವರ ನೆರಳಿನ ಪಾಲೂ ಇದೆ. ನನ್ನ ತಕರಾರು ಇಷ್ಟೇ: ಬಿಟ್ಟಿ ಪಾರ್ಕಿಂಗ್ ಅನ್ನುವುದೇ ಇಲ್ಲ. ಗಾಡಿ ಇಲ್ಲದವರು ಗಾಡಿ ಇರುವವರ ಬಾಡಿಗೆ ಕಟ್ಟುತ್ತಿದ್ದಾರೆ, ಅಷ್ಟೇ. ಜ್ಞಾನ ಹಂಚಬೇಕಾದ ಜಾಗದಲ್ಲೇ ಇದು ನಡೆಯುತ್ತಿದೆ.

ನಾನು ಹೊಸದೇನೂ ಹೇಳುತ್ತಿಲ್ಲ. ಕೇಂದ್ರ ಸರ್ಕಾರದ 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯೇ, ನಿಲುಗಡೆಗೆ ಬಳಸುವ ನೆಲದ ನಿಜ ಬೆಲೆ ಶುಲ್ಕದಲ್ಲಿ ಕಾಣಬೇಕು, ರಸ್ತೆ ಇರುವುದು ಜನರು ಓಡಾಡುವುದಕ್ಕೆ, ವಾಹನಕ್ಕಷ್ಟೇ ಅಲ್ಲ ಅನ್ನುವ ಅರ್ಥದ ಮಾತು ಹೇಳಿತ್ತು. ಇದನ್ನು ತರಗತಿಯಲ್ಲಿ ಪಾಠ ಮಾಡುವ ಮೇಷ್ಟ್ರುಗಳೂ ನಮ್ಮಲ್ಲಿದ್ದಾರೆ. ಪಾಠ ಮುಗಿಸಿ ಬಂದು ಕಾರು ತೆಗೆಯುವುದು ಮಾತ್ರ ಫುಟ್‌ಪಾತಿನ ಮೇಲಿಂದ.

ಅಮೆರಿಕಾದಲ್ಲೂ ಇದೇ ಜಗಳ

ಇದು ನಮ್ಮೂರಿನ ಕಾಯಿಲೆ ಮಾತ್ರ ಅಂದುಕೊಳ್ಳಬೇಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದ ಕ್ಲಾರ್ಕ್ ಕೆರ್ ಅರ್ಧ ಶತಮಾನಕ್ಕೂ ಹಿಂದೆಯೇ ತಮಾಷೆ ಮಾಡಿದ್ದರು: ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆಯುವ ಪ್ರಾಧ್ಯಾಪಕರನ್ನು ಒಂದುಗೂಡಿಸುವುದು ಪಾರ್ಕಿಂಗಿನ ಗೋಳು ಒಂದೇ ಅಂತ. ಅವರದೇ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ನೊಬೆಲ್ ಬಂದವರಿಗೆ ಕಾರು ನಿಲ್ಲಿಸಲು ಪ್ರತ್ಯೇಕ ಜಾಗ ಮೀಸಲಿಡುವ ಪದ್ಧತಿ ಹೆಸರುವಾಸಿ. ಅಲ್ಲಿ ನೊಬೆಲ್ ಬರಬೇಕು ಸ್ವಾಮಿ! ನಮ್ಮಲ್ಲಿ ವಿಭಾಗದ ಮುಖ್ಯಸ್ಥರಾದರೆ ಸಾಕು.

ಇರಲಿ. ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕ್ಯಾಂಪಸ್ಸಿನಲ್ಲಿ ಡೊನಾಲ್ಡ್ ಶೂಪ್ ಅಂತ ಒಬ್ಬ ಪ್ರಾಧ್ಯಾಪಕರಿದ್ದರು. 2025ರಲ್ಲಿ ತೀರಿಕೊಂಡರು. ಬದುಕಿಡೀ ಪಾರ್ಕಿಂಗ್ ಬಗ್ಗೆಯೇ ಸಂಶೋಧನೆ ಮಾಡಿದ ಮನುಷ್ಯ, ತಾವು ಮಾತ್ರ ಕ್ಯಾಂಪಸ್ಸಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದವರು. ಬಿಟ್ಟಿ ಪಾರ್ಕಿಂಗಿಗೆ ಎಷ್ಟು ಬೆಲೆ ತೆರುತ್ತಿದ್ದೇವೆ ಅನ್ನುವುದರ ಮೇಲೆ 2005ರಲ್ಲಿ ಒಂದು ದಪ್ಪ ಪುಸ್ತಕವನ್ನೇ ತಂದರು.

ಅವರು ಅಧ್ಯಯನ ಮಾಡಿದ ಒಂದು ಸಂಗತಿ ನನಗೆ ತುಂಬಾ ಇಷ್ಟ. ಕ್ಯಾಲಿಫೋರ್ನಿಯಾ 1992ರಲ್ಲಿ ಒಂದು ಕಾನೂನು ಮಾಡಿತು. ನೌಕರರ ಪಾರ್ಕಿಂಗ್ ಖರ್ಚನ್ನು ತಾವೇ ಭರಿಸುವ ಕೆಲವು ಬಗೆಯ ಕಂಪನಿಗಳು, ಆ ಜಾಗ ಬೇಡ ಅನ್ನುವ ನೌಕರನಿಗೆ ಅಷ್ಟೇ ದುಡ್ಡನ್ನು ಕೈಗೆ ಕೊಡಬೇಕು. ಶೂಪ್ ಎಂಟು ಕಡೆ ಇದನ್ನು ನೋಡಿದರು. ಒಬ್ಬರೇ ಕಾರಿನಲ್ಲಿ ಬರುವವರ ಪಾಲು ಶೇಕಡಾ 76ರಿಂದ 63ಕ್ಕೆ ಇಳಿಯಿತು. ಯಾರನ್ನೂ ಬೈಯಲಿಲ್ಲ, ಯಾರ ಗಾಳಿಯನ್ನೂ ತೆಗೆಯಲಿಲ್ಲ, ಪರಿಸರದ ಬಗ್ಗೆ ಭಾಷಣ ಬಿಗಿಯಲಿಲ್ಲ. ಬಿಟ್ಟಿಯಾಗಿ ಸಿಗುತ್ತಿದ್ದದ್ದಕ್ಕೆ ಒಂದು ಬೆಲೆ ಇದೆ ಅಂತ ತೋರಿಸಿದರು, ಅಷ್ಟೇ.

ಬಾಸ್ಟನ್ ಪಕ್ಕದ ಎಂಐಟಿಯವರು 2016ರಲ್ಲಿ ಇನ್ನೊಂದು ಜಾಣತನ ಮಾಡಿದರು. ನೌಕರರು ವರ್ಷಕ್ಕೊಮ್ಮೆ ಇಡಿಗಂಟು ಕಟ್ಟಿ ಪಾರ್ಕಿಂಗ್ ಪಾಸು ಕೊಳ್ಳುವ ಪದ್ಧತಿ ಬಿಟ್ಟು ದಿನದ ಲೆಕ್ಕಕ್ಕೆ ಬಂದರು, ಜೊತೆಗೆ ನೌಕರರಿಗೆ ಊರಿನ ಬಸ್ಸು-ಮೆಟ್ರೊ ಪುಕ್ಕಟೆ ಮಾಡಿದರು. ವರ್ಷದ ಪಾಸು ಬಫೆ ಊಟ ಇದ್ದ ಹಾಗೆ. ಹೇಗೂ ದುಡ್ಡು ಕೊಟ್ಟಾಗಿದೆ, ಹಸಿವಿದ್ದರೂ ಇಲ್ಲದಿದ್ದರೂ ತಟ್ಟೆ ತುಂಬಿಸಿಕೊಳ್ಳೋಣ ಅನಿಸುತ್ತದೆ. ದಿನದ ಲೆಕ್ಕವಾದರೆ ಪ್ರತಿ ಬೆಳಗ್ಗೆ ಮನುಷ್ಯ ಒಮ್ಮೆ ಯೋಚಿಸುತ್ತಾನೆ: ಇವತ್ತು ಕಾರು ಬೇಕಾ?

ನಮ್ಮ ಸ್ಟಿಕ್ಕರ್ ಪದ್ಧತಿ ಬಫೆಗಿಂತಲೂ ಕೆಟ್ಟದ್ದು. ಒಂದು ಸಲ ಅಂಟಿಸಿದರೆ ವರ್ಷವಿಡೀ ಬಿಟ್ಟಿ ಊಟ!

ಜ್ಞಾನಭಾರತಿಯ ರಸ್ತೆ

ಈಗ ಮನೆಗೆ ಬರೋಣ. ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಸಾವಿರ ಎಕರೆಗೂ ಮಿಕ್ಕಿದ ಕ್ಯಾಂಪಸ್ಸು. ಊರು ಬೆಳೆದು ಬೆಳೆದು ಈಗ ಮೈಸೂರು ರಸ್ತೆಗೂ ನಾಗರಬಾವಿ ಕಡೆಗೂ ನಡುವೆ ಓಡಾಡುವ ವಾಹನಗಳಿಗೆ ಅದು ಅಡ್ಡದಾರಿ. 2022ರ ಅಕ್ಟೋಬರಿನಲ್ಲಿ ಅಲ್ಲಿ ಸ್ನಾತಕೋತ್ತರ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಕ್ಯಾಂಪಸ್ಸಿನ ಒಳಗೇ ಬಿಎಂಟಿಸಿ ಬಸ್ಸಿನಡಿ ಸಿಕ್ಕಿ ತೀವ್ರವಾಗಿ ಗಾಯಗೊಂಡಳು. ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡಳು. ಅವಳ ಸಹಪಾಠಿಗಳು ರಸ್ತೆಗಿಳಿದು, ಹೊರಗಿನ ವಾಹನಗಳನ್ನು ನಿಲ್ಲಿಸಿ ಅಂತ ಕೂಗಿದರು.

"ಅಪಘಾತವಾದದ್ದು ಬಸ್ಸಿನಿಂದ, ನೀನು ಕಾರು ಪಾರ್ಕಿಂಗ್ ಹಿಡಿದುಕೊಂಡು ಕೂತಿದ್ದೀಯಲ್ಲ" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆ ಒಂದು ಅಪಘಾತಕ್ಕೆ ನಿಂತ ಕಾರುಗಳು ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಬಸ್ಸು ಎಲ್ಲಿ ನಿಲ್ಲಬೇಕು, ಇಳಿದವರು ಎಲ್ಲಿ ಕಾಲಿಡಬೇಕು, ಅಲ್ಲಿಂದ ಯಾವ ದಾರಿಯಲ್ಲಿ ನಡೆಯಬೇಕು ಅನ್ನುವುದೂ, ಕಾರು ಎಲ್ಲಿ ನಿಲ್ಲಬೇಕು ಅನ್ನುವುದೂ ಒಂದೇ ರಸ್ತೆಯ ಅಂಚಿನ ಪ್ರಶ್ನೆಗಳು. ಅಂಚು ಕಾರಿನದಾದರೆ ನಡೆಯುವವರು ರಸ್ತೆ ಮಧ್ಯಕ್ಕೆ ಬರುತ್ತಾರೆ. ಕ್ಯಾಂಪಸ್ಸಿನ ರಸ್ತೆಯನ್ನು ಮೊದಲು ಯಾರ ಕಾಲಿಗಾಗಿ ಮಾಡಿದ್ದು ಅಂತ ಕೇಳುವ ಅಭ್ಯಾಸವೇ ನಮ್ಮ ಆಡಳಿತಕ್ಕಿಲ್ಲ. ಅದಕ್ಕೇ ಒಂದು ಜೀವ ಹೋದಾಗ ಮಾತ್ರ ಸಭೆ ಸೇರುತ್ತೇವೆ.

ಮೈಸೂರಿನ ಮಾನಸಗಂಗೋತ್ರಿಗೆ ಆ ಹೆಸರಿಟ್ಟವರು ಕುವೆಂಪು. 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು. ಪಕ್ಕದ ಕುಕ್ಕರಹಳ್ಳಿ ಕೆರೆಯ ಸುತ್ತ ನಡೆಯುತ್ತಾ ಯೋಚಿಸಿದ ಕವಿ. ನಮ್ಮ ದೊಡ್ಡ ಕ್ಯಾಂಪಸ್ಸುಗಳನ್ನು ಮಾಡಿದಾಗ ನೆಲ ಕೊಟ್ಟದ್ದು ಮರಕ್ಕೆ, ಕಟ್ಟಡಕ್ಕೆ, ನಡೆಯುವವರಿಗೆ. ಟಾಟಾ ಇನ್‌ಸ್ಟಿಟ್ಯೂಟಿನ ಹುಡುಗರನ್ನು ನೆನೆಸಿಕೊಂಡರೆ ಇವತ್ತಿಗೂ ಕಣ್ಣ ಮುಂದೆ ಬರುವುದು ಮರಗಳ ಕೆಳಗೆ ಸೈಕಲ್ಲು. ಅಂಥ ನೆಲವನ್ನು ಒಂದೊಂದೇ ಕಾರಿನಂತೆ ಬಿಟ್ಟುಕೊಟ್ಟವರು ನಾವು, ಆಮೇಲಿನವರು.

ಈಗ ಬದಲಾಯಿಸುವುದಕ್ಕೆ ಕಾಲವೂ ಅನುಕೂಲವಾಗಿದೆ ನೋಡಿ. 2021ರ ಆಗಸ್ಟಿನಲ್ಲಿ ಮೆಟ್ರೊ ಕೆಂಗೇರಿವರೆಗೆ ಬಂತು, ಜ್ಞಾನಭಾರತಿ ಅನ್ನುವ ಹೆಸರಿನ ಸ್ಟೇಷನ್ನೇ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆ. ಮನೆಯಿಂದ ಕ್ಯಾಂಪಸ್ಸಿನ ಗೇಟಿನವರೆಗೆ ಸರ್ಕಾರ ತಂದು ಬಿಡುತ್ತದೆ. ಗೇಟಿನಿಂದ ತರಗತಿಯವರೆಗಿನ ದಾರಿಯನ್ನು ವಿಶ್ವವಿದ್ಯಾಲಯ ನೋಡಿಕೊಳ್ಳಬೇಕು ತಾನೆ? ಆ ಒಂದೆರಡು ಕಿಲೋಮೀಟರಿಗೆ ನೆರಳಿಲ್ಲ, ಸಂಜೆ ದೀಪವಿಲ್ಲ, ಒಂದು ಸಣ್ಣ ಬಸ್ಸಿಲ್ಲ ಅಂದರೆ ಮಗಳಿಗೆ ಸ್ಕೂಟಿ ಕೊಡಿಸದೆ ಅಪ್ಪ-ಅಮ್ಮ ಏನು ಮಾಡುತ್ತಾರೆ? ಆಮೇಲೆ ಅದೇ ಸ್ಕೂಟಿಗೆ "ವಿದ್ಯಾರ್ಥಿಗಳು ವಾಹನ ತರಬಾರದು" ಅಂತ ಸುತ್ತೋಲೆ!

ನೀವು ಹೇಳಲಿರುವುದು ನನಗೆ ಗೊತ್ತು

"ಐಐಟಿಗಳಲ್ಲಿ ವಿದ್ಯಾರ್ಥಿಗಳ ಗಾಡಿ ನಿಷೇಧಿಸಿಲ್ಲವೇ, ಇಲ್ಲೂ ಹಾಗೇ ಮಾಡಿ." ಮದ್ರಾಸ್ ಐಐಟಿಯಲ್ಲಿ ಹುಡುಗರು ಸೈಕಲ್ಲು ತುಳಿಯುತ್ತಾರೆ, ಒಳಗೆ ಓಡಾಡಲು ಬಸ್ಸಿದೆ, ನಿಜ. ಆದರೆ ಅವರು ಹಾಸ್ಟೆಲ್ಲಿನಲ್ಲಿರುವವರು. ನಮ್ಮ ವಿಶ್ವವಿದ್ಯಾಲಯಗಳಿಗೆ ಹಳ್ಳಿಯಿಂದ, ಹೋಬಳಿಯಿಂದ ದಿನಾ ಬಂದು ಹೋಗುವವರು ಎಷ್ಟೋ ಜನ. ಬೆಳಗ್ಗೆ ಹಾಲು ಕರೆದು, ಬಸ್ಸು ತಪ್ಪಿಸಿಕೊಂಡು, ಅಪ್ಪನ ಹಳೇ ಸ್ಪ್ಲೆಂಡರಿನಲ್ಲಿ ಬರುವ ಹುಡುಗನನ್ನು ಗೇಟಿನಲ್ಲಿ ತಡೆದು, ಹಿಂದೆಯೇ ಬಂದ ಕಾರಿಗೆ ಸಲ್ಯೂಟ್ ಹೊಡೆಯುವುದು ಸುಧಾರಣೆ ಆಗುವುದಿಲ್ಲ. ಆ ಕಾರಿನ ಜಾಗದಲ್ಲಿ ಇಂಥ ನಾಲ್ಕೈದು ಬೈಕು ಆರಾಮಾಗಿ ನಿಲ್ಲುತ್ತವೆ.

"ದುಡ್ಡು ಕೇಳಿದರೆ ಬಡವರಿಗೆ ಹೊರೆ." ಬಡವರು ಬಸ್ಸಿನಲ್ಲಿದ್ದಾರೆ ಸ್ವಾಮಿ. ಕಾರಿಗೆ ಹೆಚ್ಚು, ಬೈಕಿಗೆ ಅದರ ಐದನೇ ಒಂದು ಪಾಲಿಗಿಂತ ಕಡಿಮೆ, ಸೈಕಲ್ಲಿಗೆ ಏನೂ ಬೇಡ. ಹಿಡಿಯುವ ನೆಲಕ್ಕೆ ತಕ್ಕ ಹಾಗೆ. ಯುಜಿಸಿ ಸಂಬಳ ತೆಗೆದುಕೊಳ್ಳುವ ಪ್ರಾಧ್ಯಾಪಕರಿಗೆ ದಿನಕ್ಕೆ ಮೂವತ್ತು ರೂಪಾಯಿ ಹೊರೆಯಾದರೆ, ಅವರಲ್ಲಿ ಒಬ್ಬರು ಎದುರಿಗೆ ಬಂದು ಹೇಳಲಿ.

"ಮಲ್ಟಿ ಲೆವೆಲ್ ಪಾರ್ಕಿಂಗ್ ಕಟ್ಟಿಬಿಡಿ." ಇದು ಗುತ್ತಿಗೆದಾರರಿಗೆ ಪ್ರಿಯವಾದ ಉತ್ತರ. ಬೆಂಗಳೂರಿನ ಫ್ರೀಡಂ ಪಾರ್ಕ್ ಹತ್ತಿರ ಐನೂರಕ್ಕೂ ಹೆಚ್ಚು ಕಾರು ಹಿಡಿಯುವ ಅಂಥದ್ದೊಂದನ್ನು ಕಟ್ಟಿ, ವರ್ಷಗಟ್ಟಲೆ ಸುಮ್ಮನಿಟ್ಟು, ಕೊನೆಗೆ 2024ರ ಜೂನಿನಲ್ಲಿ ತೆರೆದರು. ರಸ್ತೆಯಲ್ಲಿ ಬಿಟ್ಟಿ ನಿಲ್ಲಿಸಲು ಆಗುವವರೆಗೆ ದುಡ್ಡು ಕೊಟ್ಟು ಮೂರನೇ ಮಹಡಿಗೆ ಯಾರು ಹತ್ತುತ್ತಾರೆ? ಕ್ಯಾಂಪಸ್ಸಿನಲ್ಲೂ ಅದೇ ಕಥೆ. ಮೆಟ್ಟಿಲ ಮುಂದೆ ಬಿಟ್ಟಿ ಜಾಗ ಇರುವ ತನಕ ಯಾವ ಕಟ್ಟಡವೂ ಸಾಲುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಬರೀ ಬೈದು ಹೋದರೆ ಆಗುವುದಿಲ್ಲ, ಅದಕ್ಕೇ ಪಟ್ಟಿ:

1. ಹುದ್ದೆಯ ಹೆಸರು ಬರೆದ ಎಲ್ಲ ಜಾಗ ಅಳಿಸಿ. ಕುಲಪತಿಗಳದ್ದೂ ಸೇರಿ.

2. ಬಾಗಿಲಿಗೆ ಹತ್ತಿರದ ಜಾಗ ಅಂಗವಿಕಲರಿಗೆ. ಇದು ದಯೆಯ ಮಾತಲ್ಲ. ಎಲ್ಲರಿಗೂ ನಿಲುಕುವ ಕಟ್ಟಡ ಬೇಕು ಅನ್ನುತ್ತದೆ 2016ರ ಕಾನೂನು. ಬಾಗಿಲಿನಿಂದ 30 ಮೀಟರಿನೊಳಗೆ, ಗಾಲಿ ಕುರ್ಚಿ ಇಳಿಸಲು ಆಗುವಂತೆ 3.6 ಮೀಟರ್ ಅಗಲದ ಜಾಗ ಇರಬೇಕು ಅನ್ನುತ್ತದೆ ಕಟ್ಟಡ ನಿಯಮ. ಈಗ ಆ 30 ಮೀಟರಿನೊಳಗೆ ಯಾರ ಕಾರಿದೆ ಅಂತ ನಾಳೆ ಒಮ್ಮೆ ನೋಡಿ ಬನ್ನಿ.

3. ಉಳಿದ ಕಾರುಗಳಿಗೆ ದಿನದ ಲೆಕ್ಕದಲ್ಲಿ ಶುಲ್ಕ. ಎಲ್ಲ ಹುದ್ದೆಗೂ ಒಂದೇ ದರ. ವರ್ಷದ ಪಾಸು ಬೇಡವೇ ಬೇಡ.

4. ಬಂದ ದುಡ್ಡು ಪ್ರತ್ಯೇಕ ಖಾತೆಗೆ. ಮುನ್ನೂರು ಕಾರು, ದಿನಕ್ಕೆ ಮೂವತ್ತು ರೂಪಾಯಿ, ವರ್ಷಕ್ಕೆ 220 ದಿನ ಅಂತ ಹಿಡಿದರೆ 19 ಲಕ್ಷದ 80 ಸಾವಿರ. ಅದರಲ್ಲಿ ಗೇಟಿನಿಂದ ತರಗತಿಗೆ ಸಣ್ಣ ಬಸ್ಸು ಓಡಿಸಿ, ದೀಪ ಹಾಕಿ, ಗಿಡ ನೆಡಿ. ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಾಕಿ.

5. ಫುಟ್‌ಪಾತಿನ ಮೇಲೆ ನಿಂತ ಗಾಡಿಗೆ ದಂಡ. ಮೇಷ್ಟ್ರದ್ದಾದರೆ ದುಪ್ಪಟ್ಟು! (ಇದು ನನ್ನ ಸ್ವಂತ ಆಸೆ, ಬಿಡಿ.)

6. ಅಡ್ಡದಾರಿ ಹಿಡಿದು ಕ್ಯಾಂಪಸ್ಸಿನಲ್ಲಿ ನುಗ್ಗುವ ಹೊರಗಿನ ವಾಹನಕ್ಕೆ ಬೇರೆ ದಾರಿ. ಇದಕ್ಕೆ ಪಾಲಿಕೆ, ಪೊಲೀಸರು, ಸರ್ಕಾರ ಎಲ್ಲ ಬೇಕು. ಅವರು ಕೂಡಿ ಬರುವವರೆಗೆ ಮೊದಲ ಐದನ್ನು ಮಾಡುವುದಕ್ಕೆ ಯಾರ ಅಪ್ಪಣೆಯೂ ಬೇಡ, ಸಿಂಡಿಕೇಟಿನ ಒಂದು ಸಭೆ ಸಾಕು.

ಕಾರು ಇಟ್ಟುಕೊಂಡವರ ಮೇಲೆ ನನಗೆ ಹಗೆಯಿಲ್ಲ. ವಯಸ್ಸಾದವರಿರುತ್ತಾರೆ, ಮಗುವನ್ನು ಶಾಲೆಗೆ ಬಿಟ್ಟು ಬರುವವರಿರುತ್ತಾರೆ, ಬಸ್ಸೇ ಇಲ್ಲದ ಕಡೆಯಿಂದ ಬರುವವರಿರುತ್ತಾರೆ. ತರಲಿ, ನಿಲ್ಲಿಸಲಿ, ಬಾಡಿಗೆ ಕೊಡಲಿ. ನಮ್ಮ ಓಣಿಯ ತರಕಾರಿ ಗಾಡಿಯವಳು ಸಂತೆಯಲ್ಲಿ ನಾಲ್ಕು ಅಡಿ ಜಾಗಕ್ಕೆ ದಿನಾ ಸುಂಕ ಕಟ್ಟುತ್ತಾಳೆ. ಇಪ್ಪತ್ತಮೂರು ಚದರ ಮೀಟರ್ ಹಿಡಿದವರು ಕಟ್ಟಿದರೆ ಮರ್ಯಾದೆ ಹೋಗುವುದಿಲ್ಲ.

ಈಗ ನಿಮ್ಮ ಸರದಿ. ಕನ್ನಡದಲ್ಲಿ ಬರೆಯುವ ನಮ್ಮ ಬಳಗದಲ್ಲಿ ಪಾಠ ಮಾಡುವವರಿದ್ದೀರಿ, ಓದುತ್ತಿರುವವರಿದ್ದೀರಿ, ಹೊರದೇಶದ ಕ್ಯಾಂಪಸ್ಸುಗಳಲ್ಲಿ ದುಡ್ಡು ಕೊಟ್ಟು ಕಾರು ನಿಲ್ಲಿಸಿ ಇಲ್ಲಿಗೆ ಬಂದಾಗ ಫುಟ್‌ಪಾತ್ ಹತ್ತಿಸುವವರೂ ಇದ್ದೀರಿ! ನಿಮ್ಮ ಕ್ಯಾಂಪಸ್ಸಿನ ಮುಖ್ಯ ಕಟ್ಟಡದ ಬಾಗಿಲಿನಿಂದ ಮೂವತ್ತು ಹೆಜ್ಜೆ ಹಾಕಿ, ಅಷ್ಟರೊಳಗೆ ಯಾರ್ಯಾರ ಗಾಡಿ ನಿಂತಿದೆ ಅಂತ ಎಣಿಸಿ ಬರೆಯಿರಿ. ನಂಬರ್ ಪ್ಲೇಟು ಬೇಡ, ಹುದ್ದೆ ಸಾಕು. ಜಗಳಕ್ಕೂ ಬನ್ನಿ, ನಾನು ಇಲ್ಲೇ ಇರುತ್ತೇನೆ.